ಹರಕೆಯ ಗಡ್ಡ

ಅರ್ಧ ಮುಖ ಬೋಳಿಸಿಕೊಂಡಿದ್ದಾಗ ಡೊಳ್ಳಿನ ಸದ್ದು ಕೇಳಿ ಸಂಗಮೇಶನ ಕೈ ನಿಂತಿತು. ಪಡಸಾಲೆಯ ಕಂಬಕ್ಕೆ ತೂಗುಹಾಕಿದ ಕನ್ನಡಿಯಲ್ಲಿ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು. ಸದ್ದು ಕುರುಬರ ಓಣಿಯಿಂದ ಬರುತ್ತಿತ್ತು. ಇನ್ನೂ ಗಟ್ಟಿಯಾಗಿ ಬಾರಿಸುತ್ತಿರಲಿಲ್ಲ. ಚರ್ಮ ಕಾಸಿ ಹದ ನೋಡುವವರ ಬಿಡಿಬಿಡಿ ಪೆಟ್ಟು. ದೀಪಾವಳಿಯ ಸೂಟಿಗೆಂದು ತನ್ನೂರು ತಾಂಬಾಕ್ಕೆ ಬಂದಾಗಿನಿಂದ ಆ ಓಣಿಯ ಕಡೆ ಅವನು ತಲೆ ಹಾಕಿರಲಿಲ್ಲ. ಇಂಡಿಗೆ ಹೋಗಿ ಬಂದಿದ್ದ, ಲಿಂಬಿ ತೋಟಕ್ಕೆ ಹೋಗಿ ಬಂದಿದ್ದ, ಮಾತಾಡಲು ಏನೂ ಉಳಿದಿರದ ಹಳೆಯ ಗೆಳೆಯರ ಕಟ್ಟೆಯ ಮೇಲೂ ಹೊತ್ತು ಕಳೆದು ಎದ್ದು ಬಂದಿದ್ದ. ಆ ಒಂದು ಓಣಿಯನ್ನು ಮಾತ್ರ ಸುತ್ತು ಹಾಕಿ ತಪ್ಪಿಸಿಕೊಂಡು ತಿರುಗುತ್ತಿದ್ದ. ತನ್ನೂರು ದೊಡ್ಡದಾಗಿರುವುದು ಇಂಥದ್ದಕ್ಕೆ ಉಪಯೋಗಕ್ಕೆ ಬರುತ್ತದೆಂದು ಅವನು ಎಂದೂ ಅಂದುಕೊಂಡಿರಲಿಲ್ಲ.

ತಾಯಿ ಸುಮಿತ್ರಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಮೊರದಿಂದ ತಲೆ ಎತ್ತದೆ ಹೇಳಿದಳು: "ಮಾಳಿಂಗ ಹೊಂಟ ಅಂತ ಕಾಣ್ತದ. ಗುರಣ್ಣ ಮುಂಜಾನೆ ಬಂದು ಹೇಳಿ ಹೋದ. ಮಗ ಹುಲಜಂತಿ ದೇವರಿಗಿ ನಡಕೋತ ಹೊಂಟಾನ, ಸಾಹೇಬ್ರು ಬಂದು ಕೈಮುಟ್ಟಿ ಕಳಿಸಿದ್ರ ಛಲೋ ಆಗ್ತದ ಅಂದ."

"ನಡಕೋತ?"

"ಬರಿಗಾಲಿಲೆ. ಆ ಹುಡುಗಗ ಕಟ್ಟಿಯಿಂದ ಅಂಗಳಕ್ಕ ಇಳಿಯೂದ್ರಾಗ ದಮ್ಮ ಹತ್ತತೈತಿ. ಹುಲಜಂತಿ ಮುಟ್ಟತಾನೋ, ದಾರ್ಯಾಗ ಬೀಳ್ತಾನೋ. ಹರಕಿ ಗಡ್ಡ ಬೋಳಿಸಿಕೊಂಡು ಕುಂತ್ರ ದೇವರು ಬಿಟ್ಟೀತ? ಅವನ ಹೇಂತಿ ಹೇಳಿದ್ಳಂತ, ಬೋಳಿಸು ಅಂತ. ಎಂಥಾ ಹೆಣ್ಣಮಗಳವ್ವಾ ಅಕಿ, ಹೊಟ್ಟ್ಯಾಗ ಕೂಸ ಇಟಗೊಂಡು." ಮೊರವನ್ನೊಮ್ಮೆ ಕುಟ್ಟಿ ಹೊಟ್ಟು ಹಾರಿಸಿದಳು. "ಆ ಹೊಲಸ ಕೆಲಸ ಮಾಡಿದ ಕೈ ಯಾವದೋ, ಅದಕ್ಕೂ ಛಲೋ ಆಗೂದಿಲ್ಲ ಬಿಡು."

ಸಂಗಮೇಶ ಕನ್ನಡಿಗೆ ಬೆನ್ನು ಮಾಡಿ ನಿಂತ. ಕೈಯಲ್ಲಿ ರೇಜರು ಇತ್ತು. ಊರಿನ ಬಾಯಲ್ಲಿ ತನ್ನ ಹೆಸರಿಲ್ಲವೆಂಬುದು ಅವನಿಗೆ ಗೊತ್ತಿತ್ತು, ಅದು ಗೊತ್ತಿದ್ದದ್ದರಿಂದಲೇ ರಾತ್ರಿ ನಿದ್ದೆ ಬರುತ್ತಿತ್ತು. ಆದರೆ ಇಷ್ಟು ತಿಂಗಳಾದರೂ ಗಂಡ ಹೆಂಡತಿ ಇಬ್ಬರೂ ಆ ಹೆಸರನ್ನು ನುಂಗಿಕೊಂಡೇ ಇದ್ದಾರೆಂಬುದನ್ನು ಈಗ ತಾಯಿಯ ಬಾಯಿಂದ ಕೇಳಿ ರೇಜರನ್ನು ನೀರಲ್ಲಿ ಅದ್ದಿ ಅದ್ದಿ ತೊಳೆದ. ಅವರು ಒಂದು ಮಾತು ಬೈದಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಬೈದವರಿಗೆ ತಿರುಗಿ ಹೇಳಲು ಅವನ ಹತ್ತಿರ ಬೇಕಾದಷ್ಟು ಮಾತುಗಳಿದ್ದವು. ಉಳಿದ ಕೆನ್ನೆಯನ್ನು ಅವಸರದಲ್ಲಿ ಕೆರೆದುಕೊಂಡು, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೇಡವೆನಿಸಿ ಅದನ್ನು ಕಳಚಿ ಸಾದಾ ಅಂಗಿ ಹಾಕಿಕೊಂಡು, ಹೆಗಲಿಗೊಂದು ಟವೆಲು ಇಳಿಬಿಟ್ಟ. ತಪ್ಪಿತಸ್ಥ ಯಾವ ಅಂಗಿ ಹಾಕಿಕೊಳ್ಳಬೇಕೆಂಬುದು ಯಾರಿಗೆ ಗೊತ್ತಿರುತ್ತದೆ.

ಚಂದ್ರಪುರದ ಆಚೆಗಿನ ಕಲ್ಲಿದ್ದಲು ಗಣಿಯಲ್ಲಿ ಸಂಗಮೇಶನದು ಕೂಲಿಗಾರರ ಆರೋಗ್ಯ ನೋಡಿಕೊಳ್ಳುವ ಕೆಲಸ. ಡಾಕ್ಟರನಲ್ಲ, ಡಾಕ್ಟರರ ಕೆಳಗಿನವನು. ಕುಡಿಯುವ ನೀರಿಗೆ ಔಷಧ ಬಿತ್ತೇ, ಪಾಳಿ ಮುಗಿಸಿ ಮೇಲೆ ಬಂದವರು ಸ್ನಾನದ ಮನೆಯಲ್ಲಿ ಮೈ ತೊಳೆದುಕೊಂಡೇ ಮನೆಗೆ ಹೋದರೇ, ಕತ್ತಲಿದೆಯೆಂದು ಸುರಂಗದ ಮೂಲೆಯಲ್ಲಿ ಯಾರಾದರೂ ಹೊಲಸು ಮಾಡಿದರೇ, ಎದೆಯ ಫೋಟೋಕ್ಕೆ ಕರೆದಾಗ ಎಲ್ಲರೂ ಬಂದರೇ, ಇದನ್ನೆಲ್ಲ ನೋಡಬೇಕು. ಅವನು ಮನಸ್ಸಿಟ್ಟು ನೋಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಸ್ನಾನದ ಮನೆಗೆ ಬಿಸಿನೀರು ಬರಲೆಂದು ಜಗಳ ತೆಗೆದವನು ಅವನೇ. ಕರ್ರಗಿನ ಕಫ ಉಗುಳಿ "ಹೊಲಸು ಹೊರಗ ಬಂತು, ಛಲೋ ಆತು" ಎಂದು ಖುಷಿಪಡುತ್ತಿದ್ದವರನ್ನು ಕೂರಿಸಿಕೊಂಡು, ಬಂದದ್ದಕ್ಕಿಂತ ಒಳಗೆ ಉಳಿದದ್ದು ಹೆಚ್ಚೆಂದು ಬಿಡಿಸಿ ಹೇಳುತ್ತಿದ್ದವನೂ ಅವನೇ. ಮಾಸ್ಕು ಬಂದ ಮೇಲಂತೂ ಅವನಿಗೆ ಅದೇ ಧ್ಯಾನವಾಯಿತು. ಮೂಗು ಬಾಯಿ ಮುಚ್ಚುವ ರಬ್ಬರಿನ ಬಟ್ಟಲು, ಅದರ ಮುಂದುಗಡೆ ಧೂಳು ಹಿಡಿಯುವ ಅರಳೆಯ ಬಿಲ್ಲೆ. ಅದನ್ನು ಹಾಕಿಕೊಂಡು ಮೂಗನ್ನು ಹೇಗೆ ಒತ್ತಬೇಕು, ಅಂಗೈ ಅಡ್ಡ ಹಿಡಿದು ಉಸಿರೆಳೆದು ಗಾಳಿ ಸೋರುತ್ತದೋ ಇಲ್ಲವೋ ಹೇಗೆ ನೋಡಬೇಕು ಎಂದು ಪಾಳಿಗೆ ಮುಂಚೆ ನಿಂತು ತೋರಿಸುತ್ತಿದ್ದ. ಕೂಲಿಗಾರರು ಅವನಿಗೆ ಮಾಸ್ಕ್ ಸಾಹೇಬ ಎಂದು ಹೆಸರಿಟ್ಟರು. ಮೇಲ್ನೋಟಕ್ಕೆ ಸಿಟ್ಟು ಮಾಡಿದರೂ ಆ ಹೆಸರು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಊರ ಅಗಸಿ ದಾಟಿದ. ಎದುರಿಗೆ ಬಂದ ಎಮ್ಮೆಗಳಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಾಗ ಎಣ್ಣೆ ಹಚ್ಚಿದ ಕಂಬಳಿಯ ವಾಸನೆ ಎಲ್ಲಿಂದಲೋ ಬಂತು, ಅಥವಾ ಬಂತೆಂದು ಅವನಿಗೆ ಅನ್ನಿಸಿತು. ಆ ತುಂಡು ಕಂಬಳಿ. ಮಾಳಿಂಗ ಊರಿನಿಂದ ಹೋಗುವಾಗ ಒಯ್ದ ಕಂಬಳಿಯ ಅಂಚು ಹರಿದು, ನೀರಲ್ಲಿ ಅದ್ದಿ, ಹಿಂಡಿ, ಮೂಗು ಬಾಯಿಗೆ ಬಿಗಿದುಕೊಂಡು ಬಂಡೆ ಕೊರೆಯುವ ಯಂತ್ರ ಹಿಡಿಯುತ್ತಿದ್ದ. ಇದ್ದಲಿನ ಪದರ ಮುಟ್ಟುವ ಮೊದಲು ಬಂಡೆ ಒಡೆದು ದಾರಿ ಮಾಡಬೇಕು. ಅಲ್ಲಿ ಏಳುವ ಧೂಳು ಇದ್ದಲಿನ ಧೂಳಿಗಿಂತ ಕೆಟ್ಟದ್ದು, ಬೆಳ್ಳಗಿರುವುದರಿಂದ ಯಾರಿಗೂ ಅಂಜಿಕೆ ಹುಟ್ಟಿಸದಂಥದ್ದು. ಮಾಳಿಂಗನ ಗದ್ದದ ಮೇಲೆ ಎದೆ ಮುಟ್ಟುವ ಗಡ್ಡವಿತ್ತು. ಬಹಳ ವರ್ಷ ಮಕ್ಕಳಾಗದೆ, ಹುಲಜಂತಿಯ ದೇವರಿಗೆ ಹರಕೆ ಹೊತ್ತಿದ್ದ: ಕೂಸು ಹುಟ್ಟಿ ಅದರ ಮೊದಲ ಕೂದಲನ್ನು ದೇವರಿಗೆ ಕೊಡುವತನಕ ತನ್ನ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ದೇವರ ಹೆಸರನ್ನೇ ಹೊತ್ತವನು ದೇವರಿಗೆ ಕೊಟ್ಟ ಮಾತು. ಆ ಗಡ್ಡದ ಮೇಲೆ ಮಾಸ್ಕು ಕೂರುತ್ತಿರಲಿಲ್ಲ. ಕೂದಲ ಸಂದಿಯಲ್ಲಿ ಗಾಳಿ ಸುಯ್ ಎಂದು ಸೋರುತ್ತಿತ್ತು. ಉಳಿದವರೆಲ್ಲ ಅದನ್ನು ನೋಡಿ ನಗುತ್ತಿದ್ದರು, ಮಾಳಿಂಗನೂ ನಗುತ್ತಿದ್ದ. "ನನಗ ಕಂಬಳಿನ ಸಾಕ್ರಿ ಸಾಹೇಬ್ರ. ಇದೂ ನಮ್ಮ ಕುರಿದು, ಗಡ್ಡನೂ ಕುರಿ ಕಾಯವಂದು, ಎರಡೂ ಹೊಂದಕೋತಾವು."

ಹೊಂದಿಕೊಳ್ಳುತ್ತಿದ್ದವು. ಈಗ ನೆನೆದರೆ ಅದೇ ಚುಚ್ಚುತ್ತದೆ. ಆಗ ಸಂಗಮೇಶನಿಗೆ ಆ ಒದ್ದೆ ಕಂಬಳಿ ಕಂಡರೆ ಮೈ ಉರಿಯುತ್ತಿತ್ತು. ಜೊಲ್ಲು, ಬೆವರು, ಕಫ ಎಲ್ಲ ಕೂಡಿ ನಾರುವ ಅದನ್ನು ಒಂದು ದಿನ ಚಿಮಟಿಗೆಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ರೋಗವೆಂದರೆ ಇದೇ ಎಂದು ಹೇಳಿ ಒಲೆಗೆ ಹಾಕಿಸಿದ್ದ. ಆ ಹೊತ್ತಿಗೆ ಮೇಲಿನವರು ತಪಾಸಣೆಗೆ ಬರುವ ಮಾತು ನಡೆದಿತ್ತು. ಗಣಿಯಲ್ಲಿ ಪ್ರತಿಯೊಬ್ಬನೂ ಮಾಸ್ಕು ಹಾಕುತ್ತಾನೆಂದು ಅವನು ಬರೆದು ಕಳಿಸಿದ್ದ, ಒಬ್ಬನು ಮಾತ್ರ ಹಾಕುತ್ತಿರಲಿಲ್ಲ. ಆ ಒಬ್ಬ ತನ್ನ ಊರಿನವನು, ತಾನೇ ಕಂತ್ರಾಟುದಾರನಿಗೆ ಹೇಳಿ ಕೆಲಸಕ್ಕೆ ಹಚ್ಚಿದವನು. ತಾನು ಹಚ್ಚಿದವನೇ ತನ್ನ ಮಾತು ಕೇಳದಿದ್ದರೆ ಅದು ಎಂಥ ಮರ್ಯಾದೆ. ಮಾಳಿಂಗನಿಗೆ ಹೇಳಿ ಹೇಳಿ ಸೋತು, ಅವನು ಪಾಳಿಗೆ ಇಳಿದ ಹೊತ್ತು ನೋಡಿ ಅವನ ಖೋಲಿಗೆ ಹೋಗಿ ಹೆಂಡತಿ ಶೇವಂತೆವ್ವನ ಎದುರು ಕೂತಿದ್ದ. ಅವಳಿಗೆ ಆಗ ಏಳು ತಿಂಗಳು. "ಹುಟ್ಟೂ ಕೂಸಿಗಿ ಅಪ್ಪ ಬೇಕೋ ಗಡ್ಡ ಬೇಕೋ, ನೀನ ಹೇಳು ತಂಗಿ" ಎಂದಿದ್ದ. ಎಂಥ ಚಂದದ ಮಾತು ಹೊಳೆಯಿತು ತನಗೆ ಎಂದು ಹಿಂದಿರುಗುವಾಗ ದಾರಿಯುದ್ದಕ್ಕೂ ಖುಷಿಪಟ್ಟಿದ್ದ. ಅವಳು ಸೆರಗು ಬಾಯಿಗೆ ಹಿಡಿದು, "ನೀವು ಹೇಳಿದ್ರ ಆತ್ರಿ. ನೀವೇನು ಕೆಟ್ಟದ್ದ ಹೇಳ್ತೀರಿ?" ಎಂದಿದ್ದಳು.

ಗಣಿಯ ನಾವಿದ ನಿಜಾಮುದ್ದೀನ, ಹೆಂಡತಿಯ ಮಾತಿಗೆ ಒಪ್ಪಿ ಬಂದ ಮಾಳಿಂಗನನ್ನು ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದ ಮೇಲೆ, ಹರಕೆಯ ಗಡ್ಡವೆಂದು ಕೇಳಿ ಕೈ ಹಿಂದೆಗೆದುಬಿಟ್ಟ. ತಾನೊಬ್ಬ ನಮಾಜು ಮಾಡುವವನು, ಇನ್ನೊಬ್ಬರ ಮಾತನ್ನು ತನ್ನ ಕತ್ತಿಯಿಂದ ಕೊಯ್ಯಲಾರೆ ಎಂದ. ಅಲ್ಲಿಗೆ ಬಿಡಬಹುದಿತ್ತು. ಸಂಗಮೇಶ ತನ್ನ ಖೋಲಿಯಿಂದ ಸ್ವಂತ ರೇಜರು ತರಿಸಿಕೊಂಡು, ಸ್ನಾನದ ಮನೆಯ ಕಟ್ಟೆಯ ಮೇಲೆ ಮಾಳಿಂಗನನ್ನು ಕೂರಿಸಿ, ಮೊದಲು ಕತ್ತರಿಯಿಂದ ಕತ್ತರಿಸಿ, ಆಮೇಲೆ ಸಾಬೂನು ಹಚ್ಚಿ ತಾನೇ ಬೋಳಿಸಿದ. ಮಾಳಿಂಗ ಕಣ್ಣು ಮುಚ್ಚಿ ಕುತ್ತಿಗೆ ಎತ್ತಿ ಕೊಟ್ಟಿದ್ದ. ಆ ಕುತ್ತಿಗೆಯ ಚರ್ಮ ಮುಖಕ್ಕಿಂತ ಬೆಳ್ಳಗೆ, ಎಳೆಯದಾಗಿತ್ತು. ಬೋಳಿಸಿಯಾದ ಮೇಲೆ ಮಾಸ್ಕು ಸರಿಯಾಗಿ ಕೂತಿತು, ಒಂದು ಎಳೆ ಗಾಳಿ ಸೋರಲಿಲ್ಲ. ಸಂಗಮೇಶನಿಗೆ ಕುಣಿಯುವಷ್ಟು ಸಂತೋಷವಾಯಿತು. ತಪಾಸಣೆಯವರು ಬಂದರು, ಹೊಗಳಿದರು, ಗಣಿಗೆ ಬಹುಮಾನದ ಒಂದು ಢಾಲು ಸಿಕ್ಕಿತು. ಬೋಳು ಮುಖದ ಮಾಳಿಂಗನನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ಮಾಳಿಂಗ ಯಾರದೋ ಮನೆಯ ಮದುವೆಗೆ ತಪ್ಪಿ ಬಂದವನ ಹಾಗೆ ಕಾಣುತ್ತಾನೆ.

ಅದೇ ಮಳೆಗಾಲದಲ್ಲಿ ಬಿಲ್ಲೆಗಳು ಮುಗಿದವು. ಹೊಸವು ಬರುವ ತಿಂಗಳು, ಮುಂದಿನ ತಿಂಗಳು ಎಂದು ಉಗ್ರಾಣದವರು ಹೇಳುತ್ತ ಹೋದರು. ಬಿಲ್ಲೆಯಿಲ್ಲದ ಮಾಸ್ಕು ಬರೀ ಬಟ್ಟಲು. ಹಾಗೆಂದು ಹೇಳಿಬಿಟ್ಟರೆ ಇಷ್ಟು ದಿನದ ಪಾಠವೆಲ್ಲ ನೀರಿಗೆ ಹೋಗುತ್ತಿತ್ತು, ಢಾಲು ಕೊಟ್ಟವರು ಕೇಳುತ್ತಿದ್ದರು, ಅವನಿಗೆ ದೊಡ್ಡ ಆಫೀಸಿಗೆ ಬಡತಿ ಕೊಡುವ ಮಾತೂ ಆಗ ತಾನೇ ಹೊರಟಿತ್ತು. "ಹಳೇವನ್ನ ತೊಳದು ಒಣಗಿಸಿ ಹಾಕ್ಕೋರಿ, ಹೊಸದರಂಗ ಆಗ್ತಾವ" ಎಂದುಬಿಟ್ಟ. ತೊಳೆದರೆ ಅರಳೆ ಬಿಚ್ಚಿಕೊಂಡು ಧೂಳು ಹಿಡಿಯುವ ಗುಣ ಹೋಗುತ್ತದೆ, ಡಬ್ಬಿಯ ಮೇಲೆಯೇ ಹಾಗೆ ಅಚ್ಚಾಗಿತ್ತು. ಸ್ನಾನದ ಮನೆಯ ಗೋಡೆಯ ಮೇಲೆ ಬಿಸಿಲಿಗೆ ಹರವಿದ ಬಿಲ್ಲೆಗಳನ್ನು ದಿನಾ ನೋಡುತ್ತಿದ್ದ. ಎಲ್ಲರಿಗಿಂತ ಶ್ರದ್ಧೆಯಿಂದ ತೊಳೆದು ಹರವುತ್ತಿದ್ದವನು ಮಾಳಿಂಗ. ದೇವರಿಗೆ ಕೊಟ್ಟ ಮಾತನ್ನು ತೆತ್ತು ಪಡೆದ ವಸ್ತುವದು, ಹಗುರಾಗಿ ಹೇಗೆ ನೋಡಿಯಾನು. ಉಸಿರು ಕಟ್ಟತೊಡಗಿದಾಗಲೂ ಅದನ್ನು ತೆಗೆಯಲಿಲ್ಲ. ಮುಂದೆ ಎದೆಯ ಫೋಟೋ ನೋಡಿದ ಡಾಕ್ಟರು ಸಂಗಮೇಶನಿಗೆ ಮಾತ್ರ ಕೇಳುವಂತೆ, ಇದು ಹೋಗುವ ಧೂಳಲ್ಲ ಎಂದರು. ಮಾಳಿಂಗನಿಗೆ ಹೇಳಿದ್ದು ಬೇರೆ: ಅಶಕ್ತಿ, ಊರಿಗೆ ಹೋಗಿ ಹಾಲು ಮೊಸರು ತಿಂದು ಬಾ. ಎಲ್ಲವೂ ಆ ಬಿಲ್ಲೆಗಳಿಂದಲೇ ಆದದ್ದಲ್ಲವೆಂದು ಸಂಗಮೇಶ ತನಗೆ ತಾನೇ ವಾದಿಸುತ್ತಿದ್ದ. ಅದಕ್ಕೂ ಮುಂಚಿನ ವರ್ಷಗಳ ಧೂಳಿಲ್ಲವೇ, ಬೀಡಿಯಿಲ್ಲವೇ. ವಾದದಲ್ಲಿ ಪ್ರತಿ ಸಲವೂ ಗೆಲ್ಲುತ್ತಿದ್ದ. ಗೆದ್ದು ಏನೂ ಉಪಯೋಗವಾಗುತ್ತಿರಲಿಲ್ಲ.

ಗುರಣ್ಣನ ಮನೆಯ ಮುಂದೆ ಓಣಿಯ ಜನ ಸೇರಿದ್ದರು. ಡೊಳ್ಳಿನವರು ಎದ್ದು ನಿಂತು ಸಂಗಮೇಶನಿಗೆ ಜಾಗ ಮಾಡಿದರು. ಗುರಣ್ಣ ಕೈ ಮುಗಿದು ಬಂದು, "ಧಣಿ ಬಂದ್ರಿ, ನನ್ನ ಮಗನ ಪುಣ್ಯ" ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದ. ಮಾಳಿಂಗ ಅಲ್ಲಿಯೇ ಕಂಬಕ್ಕೆ ಒರಗಿ ಕೂತಿದ್ದ. ಗಡ್ಡ ಮತ್ತೆ ಬೆಳೆದಿತ್ತು, ಅದರ ಹಿಂದಿನ ಮುಖ ಮಾತ್ರ ಕರಗಿ ಸಣ್ಣದಾಗಿತ್ತು. ಉಸಿರೆಳೆದಾಗಲೆಲ್ಲ ಹೆಗಲು ಮೇಲೇರಿ ಇಳಿಯುತ್ತಿತ್ತು. ಅವನ ನಗುವೊಂದು ಮೊದಲಿನದೇ. "ಸೂಟಿ ಎಷ್ಟ ದಿನಾ ಐತ್ರಿ ಸಾಹೇಬ್ರ? ಅಲ್ಲಿ ಮಂದಿ ಎಲ್ಲಾ ಆರಾಮ ಅದಾರ?" ಮಾತಿನ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ.

"ಮಾಳಿಂಗ, ನಡದು ಯಾಕ ಹೊಂಟಿ? ಇಂಡಿತನಾ ನಮ್ಮ ಜೀಪಿನ್ಯಾಗ ಬಿಡ್ತೇನಿ, ಅಲ್ಲಿಂದ ಬಸ್ಸ ಐತಿ."

"ಬಸ್ಸಿನ್ಯಾಗ ಹೋದ್ರ ಅದು ತಿರಗ್ಯಾಟ ಆತ್ರಿ. ತಪ್ಪ ಒಪ್ಪಕೊಳ್ಳಾಕ ಹೋಗವ ನಡದ ಹೋಗಬೇಕು."

"ಹಬ್ಬ ಮುಗೀಲಿ. ವಿಜಾಪುರದಾಗ ದೊಡ್ಡ ಡಾಕ್ಟರ್ ಅದಾರ, ನಾನ ಕರಕೊಂಡ ಹೋಗ್ತೇನಿ. ಔಷಧಾ ತಗೊಂಡು ಮೈಯಾಗ ಶಕ್ತಿ ಬಂದಮ್ಯಾಲ ಹೋಗು."

"ಔಷಧಕ್ಕ ಹೋಗೂ ಬ್ಯಾನಿ ಅಲ್ರಿ ಇದು. ನಿಮಗೂ ಗೊತ್ತೈತಿ" ಎಂದ ಮಾಳಿಂಗ. ಸಂಗಮೇಶ ಒಂದು ಗಳಿಗೆ ತನ್ನ ಗುಟ್ಟು ಹೊರಬಿದ್ದಿತೆಂದೇ ತಿಳಿದ. ಮಾಳಿಂಗ ಹೇಳಿದ್ದು ದೇವರ ಸಿಟ್ಟನ್ನು ಕುರಿತು ಎಂದು ಆಮೇಲೆ ತಿಳಿಯಿತು, ತಿಳಿದು ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಶೇವಂತೆವ್ವ ಚಹಾ ತಂದಿಟ್ಟಳು. ಕಂಕುಳಲ್ಲಿ ಕೂಸಿತ್ತು. ಗಂಡನ ಹತ್ತಿರ ಹಾದುಹೋಗುವಾಗ ಅವಳು ಕೂಸನ್ನು ಆಚೆ ಕಂಕುಳಿಗೆ ಬದಲಿಸಿಕೊಂಡಳು, ಮಾಳಿಂಗ ಕಾಲು ಮುದುರಿಕೊಂಡು ಮುಖ ಗೋಡೆಯ ಕಡೆ ತಿರುಗಿಸಿದ. ಬಹಳ ದಿನದ ರೂಢಿ ಬಿದ್ದವರು ಮಾಡುವ ಹಾಗೆ ಇಬ್ಬರೂ ಅದನ್ನು ಮಾಡಿದರು. ಸಂಗಮೇಶ ಅದನ್ನೇ ನೋಡುವುದು ಕಂಡು ಗುರಣ್ಣ ಮೆಲ್ಲಗೆ ಹೇಳಿದ: "ಮೊಮ್ಮಗಳ್ರಿ, ಬಾಳಮ್ಮ ಅಂತ ಹೆಸರಿಟ್ಟೇವಿ. ಹುಟ್ಟಿದಾಗಿಂದ ಅಂವ ಎತ್ತಿಲ್ರಿ. ದೇವರ ಸಿಟ್ಟ ಅವನ ಮೈಮ್ಯಾಲ ಐತಿ, ಮುಟ್ಟಿದ್ರ ಕೂಸಿಗಿ ದಾಟತೈತಿ ಅಂತ ಅಂಜ್ಯಾನ. ದೇವರು ತಗೊಳ್ಳೂದಿದ್ರ ನನ್ನ ತಗೊಳ್ಳಲಿ, ಕೂಸಿನ ಬಿಡಲಿ, ಅದಕ್ಕ ನಡದ ಹೊಂಟೇನಿ ಅಂತಾನ." ಆಮೇಲೆ ಸೊಸೆಯ ಕಡೆ ನೋಡದೆಯೇ, ಎಲ್ಲರಿಗೂ ಕೇಳುವಂತೆ, "ಮಾಡಿದಾಕಿ ಒಬ್ಬಾಕಿ, ಉಣ್ಣಾವ ಒಬ್ಬಾಂವ" ಎಂದ. ಶೇವಂತೆವ್ವ ಖಾಲಿ ಹರಿವಾಣ ಹಿಡಿದು ಒಳಗೆ ಹೋದಳು. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹಣೆಯ ಮೇಲಿನ ಕುಂಕುಮದ ಕೆಳಗೆ ಚರ್ಮ ಒಣಗಿ ಬಿರಿದಿತ್ತು. ಚಂದ್ರಪುರದ ಖೋಲಿಯಲ್ಲಿ ಗಲಗಲ ನಗುತ್ತಿದ್ದವಳು ಇವಳೇ ಎಂದು ನಂಬುವುದು ಕಷ್ಟವಾಯಿತು.

ಸಂಗಮೇಶ ಚಹಾವನ್ನು ಹಾಗೇ ಕಟ್ಟೆಯ ಮೇಲೆ ಇಟ್ಟ. ಈ ಮನುಷ್ಯ ಎದ್ದು ನಡೆದರೆ ಇಂಡಿ ದಾಟುವುದಿಲ್ಲ, ಭೀಮೆಯ ನೀರು ಕಾಣುವುದಿಲ್ಲ. ಸಾಯುತ್ತಾನೆ, ತಾನೇ ತಪ್ಪು ಮಾಡಿದೆನೆಂದುಕೊಂಡು, ಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ ಸಾಯುತ್ತಾನೆ. ಆಮೇಲೆ ಈ ಹೆಣ್ಣುಮಗಳು ಈ ಓಣಿಯಲ್ಲಿ ಬದುಕಬೇಕು. ತನ್ನ ನಾಲಗೆಯೊಂದು ಹೊರಳಿದರೆ ಇದೆಲ್ಲ ನಿಲ್ಲುತ್ತದೆ. ನಾಲಗೆ ಹೊರಳಲಿಲ್ಲ. ಬಡತಿಯ ಕಾಗದ ಹೊಸ ವರ್ಷಕ್ಕೆ ಬರಬಹುದು, ನಾಳೆ ಯಾರಾದರೂ ಗಣಿಯವರೆಗೆ ಮಾತು ಮುಟ್ಟಿಸಿದರೆ, ಪೇಪರಿನವರು ಬಂದರೆ, ಅವ್ವನಿಗೆ ಗೊತ್ತಾದರೆ. ಹೀಗೆ ಒಂದೊಂದೇ ಅಂಜಿಕೆ ಬಂದು ಎದುರು ನಿಲ್ಲುತ್ತಿದ್ದಂತೆ ಡೊಳ್ಳಿನವರು ಪಟ್ಟಿ ಬಿಗಿದುಕೊಂಡು ಎದ್ದರು, ಮಾಳಿಂಗ ಕಂಬ ಹಿಡಿದು ನಿಂತ. ನಿಂತವನು ಒಂದು ಹೆಜ್ಜೆ ಎತ್ತಿ ಮತ್ತೆ ಕಂಬಕ್ಕೇ ಒರಗಿದ. ಅದನ್ನು ಕಂಡು ಸಂಗಮೇಶ ಎದ್ದ. "ಹೋಗೂಕ್ಕಿಂತ ಮೊದಲ ನಿನ್ನ ಕೂಡ ಒಂದ ಮಾತ ಐತಿ. ಒಳಗ ಬಾ. ಶೇವಂತೆವ್ವನೂ ಇರಲಿ."

ಒಳಗೆ ಕತ್ತಲಿತ್ತು. ದೇವರ ಜಗಲಿಯ ಮೇಲೆ ದೀಪ ಉರಿಯುತ್ತಿತ್ತು. ಮಾಳಿಂಗ ಕೆಳಗೆ ಕೂತ, ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸಂಗಮೇಶ ನಿಂತೇ ಹೇಳಿದ. ಅವನು ಮನಸ್ಸಿನಲ್ಲಿ ಎಷ್ಟೋ ಸಲ ಹೆಣೆದಿಟ್ಟಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

"ಆ ಮಾಸ್ಕಿನ್ಯಾಗ ಏನೂ ಇರ್ಲಿಲ್ಲೋ ಮಾಳಿಂಗ."

"ಏನಿರ್ಲಿಲ್ರಿ?"

"ಧೂಳಿ ಹಿಡಿಯೂ ಅರಳಿ. ನೀವು ತೊಳದು ತೊಳದು ಹಾಕ್ಕೋತಿದ್ರೆಲ್ಲಾ, ತೊಳದ್ರ ಅದು ಕೆಡತೈತಿ. ಅದು ನನಗ ಗೊತ್ತಿತ್ತು. ಹೊಸಾವ ಬರ್ಲಿಲ್ಲ, ಬರ್ಲಿಲ್ಲ ಅಂತ ಹೇಳಾಕ ನನಗ ಧೈರ್ಯ ಆಗ್ಲಿಲ್ಲ. ಅದಕ್ಕಿಂತ ನಿನ್ನ ಹಸೀ ಕಂಬಳಿನ ಛಲೋ ಇತ್ತು. ನಿನ್ನ ಎದಿಯಾಗ ಇರೂದು ಕಲ್ಲಿನ ಧೂಳಿ. ಡಾಕ್ಟರ್ ಹೇಳ್ಯಾರ. ನಿನಗ ಹೇಳಲಿಲ್ಲ ನಾವು. ದೇವರು ಏನೂ ಮಾಡಿಲ್ಲ. ಗಡ್ಡಕ್ಕೂ ಇದಕ್ಕೂ ಸಂಬಂಧ ಇಲ್ಲ."

ಮಾಳಿಂಗ ಅಂಗೈಯನ್ನು ಎದೆಯ ಮೇಲಿಟ್ಟು ಒತ್ತಿ ನೋಡಿಕೊಂಡ. ಸಂಗಮೇಶ ಬೈಗುಳಕ್ಕೆ ಕಾದ, ಬೇಕಾದರೆ ಹೊಡೆತಕ್ಕೂ. ಮಾತಾಡಿದವಳು ಶೇವಂತೆವ್ವ. ದನಿ ಎತ್ತಲಿಲ್ಲ. "ಇಷ್ಟ ದಿನಾ ಇವರ ಮುಂದ ನಾ ಮಾರಿ ಎತ್ತಿಲ್ರಿ ಸಾಹೇಬ್ರ. ನನ್ನ ಕೂಸ ಅಳಾಕ ಶುರು ಮಾಡಿದ್ರ, ನನ್ನ ಪಾಪದಿಂದ ಅಳತೈತಿ ಅಂತಿದ್ನಿ. ಒಪ್ಪತ್ತ ಉಂಡೇನಿ. ಈ ಓಣ್ಯಾಗ ಯಾರೂ ನನ್ನ ಕೈಯಾನ ನೀರ ಕುಡಿಯೂದಿಲ್ಲ." ಕೂಸನ್ನು ಹೆಗಲಿಗೆ ಏರಿಸಿಕೊಂಡು, "ಇಲ್ಲಿ ಕತ್ಲ್ಯಾಗ ಹೇಳಿದ್ದನ್ನ ಹೊರಗ ಹೇಳ್ರಿ" ಎಂದಳು.

ಅವನು ಹೊರಗೆ ಬಂದ. ಬಿಸಿಲು ಕಣ್ಣಿಗೆ ರಾಚಿತು. ಜನ ಸುಮ್ಮನಾದರು, ಸಾಹೇಬರು ಆಶೀರ್ವಾದದ ನಾಲ್ಕು ಮಾತಾಡುತ್ತಾರೆಂದು ಡೊಳ್ಳಿನ ಹುಡುಗರೂ ಕೈ ಕಟ್ಟಿ ನಿಂತರು. ಹೇಳಿದ. ಗಡ್ಡ ಬೋಳಿಸಿದ್ದು ತಾನು, ತನ್ನ ಕೈಯಾರೆ. ಶೇವಂತೆವ್ವನಿಗೆ ಹೇಳಿಕೊಟ್ಟವನೂ ತಾನೇ. ಮಾಸ್ಕು ಕೆಟ್ಟದ್ದಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ಮಾಳಿಂಗನ ಬೇನೆ ಅದರಿಂದ ಬಂದದ್ದು. ಹೇಳುತ್ತಿದ್ದಾಗ ತನ್ನ ಮಾತು ಸಭೆಯಲ್ಲಿ ಭಾಷಣ ಮಾಡುವವನ ಮಾತಿನಂತೆ ಕೇಳುತ್ತಿದೆಯೆಂದು ಅವನಿಗೇ ಅನ್ನಿಸಿತು. ಹೇಳಿ ಮುಗಿಸುವಷ್ಟರಲ್ಲಿ ಗುರಣ್ಣನ ಕಣ್ಣಲ್ಲಿ ನೀರು ಬಂತು. ಮುದುಕ ಬಂದು ಸಂಗಮೇಶನ ಎರಡೂ ಕೈ ಹಿಡಿದುಕೊಂಡ.

"ನೋಡ್ರೆಪಾ, ದೊಡ್ಡ ಮನಿತನ ಅಂದ್ರ ಇದು! ನನ್ನ ಸೊಸಿ ತಪ್ಪ ತಮ್ಮ ತಲಿಮ್ಯಾಲ ಹೊತಗೊಳ್ಳಾಕತ್ತಾರ ಧಣಿ. ಬಡವನ ಸಂಸಾರ ಒಡೀಬಾರದಂತ. ಇಂಥಾ ಮಾತ ಯಾರ ಆಡ್ತಾರ?"

"ಹಂಗಲ್ಲೋ ಕಾಕಾ, ನಾ ಖರೇನ ಹೇಳಾಕತ್ತೇನಿ" ಎಂದ ಸಂಗಮೇಶ. ಖರೆ ಎಂದಷ್ಟೂ ಜನರ ಕಣ್ಣು ಹಸಿಯಾದವು. ಇಸ್ತ್ರಿಯಿಲ್ಲದ ಅಂಗಿ ತೊಟ್ಟು, ಬಿಸಿಲಲ್ಲಿ ನಿಂತು, ಗಣಿಯ ಸಾಹೇಬ ಕುರಿ ಕಾಯುವವನ ಮನೆಯ ಪಾಪ ಹೊರುತ್ತಿದ್ದಾನೆ. ಗುರಣ್ಣ ಚೀಲಕ್ಕೆ ಕೈ ಹಾಕಿ ಹಿಡಿ ತುಂಬ ಭಂಡಾರ ತೆಗೆದು ಅವನ ಹಣೆಗೆ ಬಳಿದ. ಅರಿಶಿಣದ ಹುಡಿ ಮೂಗಿಗೆ, ಕಣ್ಣಿಗೆ, ಬಾಯಿಗೆ ಬಿತ್ತು. ಒಬ್ಬಳು ಮುದುಕಿ ಬಗ್ಗಿ ಅವನ ಕಾಲು ಮುಟ್ಟಿದಳು. ಡೊಳ್ಳು ಒಮ್ಮೆಲೇ ಗಟ್ಟಿಯಾಗಿ ಮೊಳಗತೊಡಗಿತು. ಜೀವಮಾನದಲ್ಲಿ ಅವನು ಇಷ್ಟು ಅವಮಾನಪಟ್ಟಿರಲಿಲ್ಲ. ಅದರೊಳಗೂ, ಎಲ್ಲೋ ಒಂದು ಮೂಲೆಯಲ್ಲಿ, ಇಷ್ಟಕ್ಕೇ ಮುಗಿದರೆ ಸಾಕು ಎಂಬ ಸಣ್ಣ ಆಸೆಯೂ ಚಿಗುರಿದ್ದನ್ನು ಅವನು ಕಂಡ. ಹೇಳಿಯಾಯಿತಲ್ಲ. ನಂಬದಿದ್ದರೆ ತಾನೇನು ಮಾಡಲಿ.

ಮಾಳಿಂಗ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಿದ್ದ. ತಂದೆಯ ಮುಖ ನೋಡಿದ, ಜನರ ಮುಖ ನೋಡಿದ, ಹಳದಿ ಹಣೆಯ ಸಂಗಮೇಶನನ್ನು ನೋಡಿದ. ಯಾರನ್ನು ನಂಬಬೇಕೆಂದು ಅವನಿಗೆ ತಿಳಿಯಲಿಲ್ಲವೋ, ದೇವರ ಸಿಟ್ಟನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೋ. ಅಂಗಳಕ್ಕೆ ಒಂದು ಕಾಲಿಟ್ಟ. ಆಗ ಸಂಗಮೇಶ ಹೆಗಲ ಮೇಲಿನ ಟವೆಲಿನಿಂದ ಹಣೆಯ ಭಂಡಾರವನ್ನು ಒರೆಸಿಹಾಕಿದ. ಇಡೀ ಓಣಿಯ ಎದುರು, ದೇವರ ಭಂಡಾರವನ್ನು, ಒತ್ತಿ ಒತ್ತಿ, ಚರ್ಮ ಕೆಂಪಾಗುವ ಹಾಗೆ. ಡೊಳ್ಳು ಹಾಗೇ ನಿಂತುಹೋಯಿತು. ಕಾಲು ಮುಟ್ಟಿದ ಮುದುಕಿ ಹಿಂದೆ ಸರಿದಳು. ಗುರಣ್ಣನ ಬಾಯಿ ತೆರೆದುಕೊಂಡೇ ಉಳಿಯಿತು. ಒಳ್ಳೆಯತನಕ್ಕೆ ಸುಳ್ಳು ಹೇಳುವ ಯಾವ ಮನುಷ್ಯನೂ ಆ ಕೆಲಸ ಮಾಡುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರ ಕಣ್ಣುಗಳು ಬದಲಾಗುವುದನ್ನು ಸಂಗಮೇಶ ಒಂದೊಂದಾಗಿ ನೋಡಿದ.

ಶೇವಂತೆವ್ವ ಜನರ ನಡುವೆ ಹಾದು ಬಂದು ಗಂಡನ ಎದುರು ನಿಂತಳು. "ಹಿಡೀರಿ" ಎಂದಳು. ಮಾಳಿಂಗ ಕೈ ಹಿಂದೆ ಮಾಡಿಕೊಂಡ. ಅವಳು ಬಿಡಲಿಲ್ಲ, ಕೂಸನ್ನು ಅವನ ಎದೆಗೆ ಒತ್ತಿ ತನ್ನ ಕೈ ತೆಗೆದುಬಿಟ್ಟಳು. ಬೀಳುವ ಕೂಸನ್ನು ಹಿಡಿಯದೆ ಯಾರಿಗಾದರೂ ಆದೀತೇ. ಅವನು ಕಟ್ಟೆಯ ಅಂಚಿಗೆ ಕುಸಿದು ಕೂತ, ಕೂಸು ತೊಡೆಯ ಮೇಲೆ ಬಂತು. ಅದು ಹೊಸ ಮುಖವನ್ನು ದಿಟ್ಟಿಸಿ ನೋಡಿ, ಅಳಬೇಕೋ ಬೇಡವೋ ಎಂದು ತುಟಿ ಸೊಟ್ಟ ಮಾಡಿ, ಅಳದೆ ಉಳಿಯಿತು. ಮಾಳಿಂಗ ಬಹಳ ಹೊತ್ತು ತಲೆ ಬಗ್ಗಿಸಿ ಮಗಳನ್ನೇ ನೋಡುತ್ತಿದ್ದ. ಬೆರಳಿನಿಂದ ಅದರ ಅಂಗಾಲು ಮುಟ್ಟಿ ನೋಡಿದ. ಅವನು ತಲೆ ಎತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ. 'ನಿಮಗೂ ಗೊತ್ತೈತಿ' ಎಂದಾಗ ಇದ್ದ ನಂಬಿಕೆಯೂ ಇರಲಿಲ್ಲ.

"ಸಾಹೇಬ್ರ, ದೇವರ ಸಿಟ್ಟ ಆಗಿದ್ರ ನಡದ ಹೋಗಿ ಕಾಲ ಬಿದ್ರ ಇಳೀತಿತ್ತು." ನಿಂತು ಉಸಿರು ತೆಗೆದುಕೊಂಡ. "ಈ ಧೂಳಿ ಇಳಸಾಕ ಎಲ್ಲಿ ಹೋಗಿ ಯಾರ ಕಾಲ ಬೀಳಬೇಕ್ರಿ?"

ವಿಜಾಪುರದ ದೊಡ್ಡ ಡಾಕ್ಟರರ ಹೆಸರು ಸಂಗಮೇಶನ ನಾಲಗೆಯ ತುದಿಗೆ ಬಂತು. ಹೇಳಿದ್ದರೆ ಮಾಳಿಂಗ ಈಗಲೂ ನಂಬುತ್ತಿದ್ದ.

"ಅದು ಇಳಿಯೂದಿಲ್ಲೋ ಮಾಳಿಂಗ" ಎಂದ.

ಮಾಳಿಂಗ ತಲೆಯಾಡಿಸಿದ. ಹೆಂಡತಿಗೆ ಹತ್ತಿರ ಕೂರಲು ಕೈಸನ್ನೆ ಮಾಡಿ, ಕೂಸಿನ ತಲೆಯನ್ನು ಬಿಸಿಲಿಗೆ ಅಡ್ಡವಾಗಿ ತನ್ನ ಅಂಗೈಯಿಂದ ಮುಚ್ಚಿದ.